ಬುದ್ಧಿ ಐದು

ಆರು ಗುಣಗಳಿಗೂ ಹದಿನಾರು, ಹದಿನೇಳು ಅಂಕ ಬಂದಿರುವ ಪಾತ್ರವನ್ನು ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವರ ವೀರ ಗೋಡೆ ಹತ್ತುತ್ತಾನೆ, ಬೀಗ ತೆರೆಯುತ್ತಾನೆ, ರಾಜನ ಮುಂದೆ ನಿಂತು ನಾಲ್ಕು ಮಾತಾಡಿ ಅರ್ಧ ರಾಜ್ಯ ಬರೆಸಿಕೊಂಡು ಬರುತ್ತಾನೆ. ಅವನ ಜೊತೆ ಹೋದವರು ಚೀಲ ಹಿಡಿದುಕೊಂಡು ನಿಂತಿರಬೇಕು. ಇದನ್ನು ನಾನು ನಮ್ಮ ಭಾನುವಾರದ ಆಟದಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಶುರು ಮಾಡಿದ ಕೂಡಲೇ ನನ್ನ ಹೆಂಡತಿ "ಚೀಲ ಹಿಡಿದುಕೊಂಡು ನಿಂತಿರಬೇಕು, ಗೊತ್ತಾಯ್ತು" ಎಂದು ಮುಗಿಸಿಬಿಡುತ್ತಾಳೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ. ಮುಂದೆ ಕಾಡಿದೆ, ಎಡಕ್ಕೆ ಹೊಳೆಯಿದೆ, ಹೊಳೆಯಾಚೆ ಯಾರೋ ನಿಂತಿದ್ದಾರೆ, ಏನು ಮಾಡ್ತೀರಿ ಎಂದು ಅವರು ಕೇಳುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗಿ, ಆ ಪಾತ್ರ ಏನು ಮಾಡುತ್ತದೆ, ಏನು ಮಾತಾಡುತ್ತದೆ ಎಂದು ಹೇಳುತ್ತಾ ಹೋಗಬೇಕು. ಪಾತ್ರದ ಯೋಗ್ಯತೆಯನ್ನು ಮಾತ್ರ ನಾವು ತೀರ್ಮಾನಿಸುವಂತಿಲ್ಲ, ಅದನ್ನು ದಾಳ ತೀರ್ಮಾನಿಸುತ್ತದೆ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತಿನ ಮೋಡಿ ಎಂದು ಆರು ಗುಣ. ಒಂದೊಂದಕ್ಕೂ ಮೂರು ದಾಳ ಹಾಕಿ, ಕೂಡಿಸಿ, ಹಾಳೆಯಲ್ಲಿ ಬರೆದುಕೊಳ್ಳುವುದು. ಮೂರಕ್ಕಿಂತ ಕಡಿಮೆ ಬರುವುದಿಲ್ಲ, ಹದಿನೆಂಟಕ್ಕಿಂತ ಹೆಚ್ಚು ಬರುವುದಿಲ್ಲ.

ನಂಜನಗೂಡಿನಲ್ಲಿ ನಮ್ಮದು ಮಹಡಿ ಮನೆ. ಭಾನುವಾರ ಊಟವಾದ ಮೇಲೆ ಎರಡೂವರೆಗೆ ಆಟ ಶುರುವಾಗುತ್ತದೆ. ಕಥೆ ನಡೆಸುವವರು ನನ್ನ ಜೊತೆ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯರು, ನನಗಿಂತ ಚಿಕ್ಕವರು, ಮೈಸೂರಿನವರು. ಆಟದ ಪುಸ್ತಕವನ್ನು ತಂದು ನಮಗೆಲ್ಲ ಹುಚ್ಚು ಹತ್ತಿಸಿದವರು ಅವರೇ. ಇನ್ನೊಬ್ಬರು ನಮ್ಮ ಸ್ಟೋರಿನಲ್ಲಿರುವ ತಲಕಾಡಿನವರು. ನಾಲ್ಕನೆಯವಳು ನನ್ನ ಹೆಂಡತಿ. ಕಥೆ ನಡೆಯುವುದು ಮರಳಲ್ಲಿ ಹೂತುಹೋದ ಒಂದು ಊರಿನಲ್ಲಿ. ಮರಳಿನ ವಿಷಯ ಬಂದಾಗಲೆಲ್ಲ ತಲಕಾಡಿನವರು "ಮರಳು ಹಾಗೆ ಜಾರೋದಿಲ್ಲ ಸಾರ್, ನಮ್ಮನ್ನ ಕೇಳಿ" ಎಂದು ತಕರಾರು ತೆಗೆಯುತ್ತಾರೆ. ಅದು ಆಟದ ಭಾಗವೇ ಆಗಿಹೋಗಿದೆ.

ಮೊದಲ ಭಾನುವಾರ ಪಾತ್ರ ಹುಟ್ಟಿಸಲು ಕುಳಿತಾಗ, ಅಂಕ ಇಷ್ಟವಾಗದಿದ್ದರೆ ಮತ್ತೆ ದಾಳ ಹಾಕಬಹುದೇ ಎಂಬ ಪ್ರಶ್ನೆ ಬಂತು. ಪುಸ್ತಕದಲ್ಲಿ ಅದಕ್ಕೆ ಅವಕಾಶವಿದೆಯಂತೆ. ನಾನು ಹೆಬ್ಬೆರಳಿನಿಂದ ಕನ್ನಡಕ ಮೇಲೆ ತಳ್ಳಿ, ಪೆನ್ನನ್ನು ಮೇಜಿನ ಮೇಲೆ ಮೂರು ಸಲ ಕುಟ್ಟಿ, ಸಾಧ್ಯವೇ ಇಲ್ಲ ಎಂದೆ. ಲ್ಯಾಬಿನಲ್ಲಿ ಹದಿನಾರು ವರ್ಷ ಕಳೆದವನು ನಾನು. ಅಲ್ಲಿ ಒಂದು ಸ್ಯಾಂಪಲ್ ಫೇಲ್ ಆಯಿತೆಂದರೆ, ನಂಬರು ಹಿಡಿಸಲಿಲ್ಲ ಎಂದು ಇನ್ನೊಮ್ಮೆ ಟೆಸ್ಟ್ ಮಾಡುವಂತಿಲ್ಲ. ಏಕೆ ಮಾಡಬೇಕು ಎಂದು ಕಾರಣ ಬರೆದುಕೊಡಬೇಕು, ಮೇಲಿನವರು ಸಹಿ ಹಾಕಬೇಕು. "ಮತ್ತೆ ಹಾಕಬೇಕಾದರೆ ಕಾರಣ ಬರೆದುಕೊಡಿ" ಎಂದೆ. ಯಾರೂ ಬರೆದುಕೊಡಲಿಲ್ಲ. ಹೀಗಾಗಿ ಒಂದೇ ಸಲ, ಬಿದ್ದದ್ದು ಬಿದ್ದಂತೆ ಎಂಬ ನಿಯಮ ನನ್ನಿಂದಲೇ ಬಂತು.

ಅದಾದ ಹತ್ತು ನಿಮಿಷಕ್ಕೆ ನನ್ನ ಪಾತ್ರಕ್ಕೆ ಬಲ ಹದಿನಾರು ಬಿತ್ತು, ಬುದ್ಧಿ ಐದು ಬಿತ್ತು. ಹೆಂಡತಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿ, "ಕಾರಣ ಬರೀತೀರಾ?" ಎಂದಳು. ನಾನು ಬರೆಯಲಿಲ್ಲ. ಮೂಟೆ ಹೊರುವ ಒಬ್ಬ ಆಳನ್ನು ಮಾಡಿಕೊಂಡೆ.

ಬುದ್ಧಿ ಐದು ಇರುವವನು ಹೇಗೆ ಮಾತಾಡುತ್ತಾನೆ? ನಾನು ಯೋಚಿಸಲೇ ಇಲ್ಲ. ಕಥೆಯಲ್ಲಿ ನಾವು ಹಾಳು ಕೋಟೆಯ ಮುಂದೆ ಬಂದು ನಿಂತಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಇದೇನ್ಲಾ ಇದು, ಈಟ್ ದೊಡ್ ಬಾಗ್ಲು! ಇದ್ರೊಳೀಕೆ ಆನೆ ಓದ್ರೂವೆ ತಲೆ ತಾಕಾಕಿಲ್ವಲ್ಲಾ!" ಮೂವರೂ ಬಿದ್ದುಬಿದ್ದು ನಕ್ಕರು. ಕಥೆ ನಡೆಸುವವರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಲಕಾಡಿನವರು.

ಅದು ನಮ್ಮೂರಿನ ಮಾತು. ನಾನು ಹೆಮ್ಮಿಗೆಯವನು, ತಲಕಾಡಿನ ಹತ್ತಿರದ ಹಳ್ಳಿ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಆ ಮಾತನ್ನು ನಾನು ಆಡಿರಲಿಲ್ಲ.

ಪಿಯುಸಿಗೆಂದು ನಂಜನಗೂಡಿಗೆ ಬಂದ ಮೊದಲ ವಾರ, ಮೇಷ್ಟ್ರು ಯಾವ ಊರು ಎಂದು ಕೇಳಿದ್ದರು. "ಎಮ್ಮಿಗೆ ಸಾ" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎಮ್ಮೆಯ ಹಾಗೆ ಕೂಗಿದ, ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ತುಟಿ ಕಚ್ಚಿಕೊಂಡರು. ಅವತ್ತಿನಿಂದ ನಾನು ಸಂಜೆ ಕಪಿಲೆಯ ಸೋಪಾನಕಟ್ಟೆಯ ಮೇಲೆ ಒಬ್ಬನೇ ಕುಳಿತು ಹಳ್ಳಿ, ಹಾಲು, ಹೂವು, ಹೆಮ್ಮಿಗೆ ಎಂದು ಉಸಿರು ಬಿಟ್ಟು ಬಿಟ್ಟು ಹೇಳಿ ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ನನ್ನನ್ನು ಕನ್ನಡ ವಾರ್ತೆ ಓದುವವರ ಮಗನೇ ಎಂದು ಕೇಳಿದ್ದಳು. ನನಗೆ ಹೆಮ್ಮೆಯಾಗಿತ್ತು.

ಈಗ ಅದೇ ಮಾತಿಗೆ ಮೇಜಿನ ಸುತ್ತ ಚಪ್ಪಾಳೆ ಬೀಳುತ್ತಿತ್ತು. ರುಚಿ ಹತ್ತಿತು. ಭಾನುವಾರ ಬರುವ ಮೊದಲೇ ಸ್ನಾನದ ಮನೆಯಲ್ಲಿ ಹೊಸ ಮಾತುಗಳನ್ನು ಹೊಂದಿಸಿಕೊಳ್ಳತೊಡಗಿದೆ. ಮೂಟೆಯವನು ಕನ್ನಡಿ ಕಂಡು ಹೆದರಿದ, ರಾಣಿಗೆ ಕಡಲೆಕಾಯಿ ಕೊಟ್ಟ, ಮಂತ್ರವಾದಿಯ ಗಡ್ಡ ಹಿಡಿದು ಎಳೆದ. ಆರು ತಿಂಗಳು ಹೀಗೇ ನಡೆಯಿತು. ಅವನಿಗೆ ಏನಾಗುತ್ತಿದೆ, ಅವನು ಏನು ಬಯಸುತ್ತಾನೆ ಎಂದು ಒಂದು ದಿನವೂ ನಾನು ಕೇಳಿಕೊಳ್ಳಲಿಲ್ಲ. ಅವನು ನಗಿಸಿದರೆ ಸಾಕಾಗಿತ್ತು.

ಇಲ್ಲಿ ಅಕ್ಕನ ವಿಷಯ ಹೇಳಬೇಕು.

ನನಗೆ ಆರು ವರ್ಷವಿದ್ದಾಗ ಅವ್ವ ಹೋದಳು. ಅಕ್ಕನಿಗೆ ಆಗ ಹದಿನೇಳು. ಅವತ್ತಿನಿಂದ ನನ್ನನ್ನು ಎಬ್ಬಿಸಿದವಳು, ಮೀಯಿಸಿದವಳು, ಉಣ್ಣಿಸಿದವಳು, ಬೈದವಳು ಎಲ್ಲ ಅಕ್ಕನೇ. ಊರೊಳಗೇ ಮದುವೆಯಾದಳು, ಮದುವೆಯಾದ ಮೇಲೂ ಮಧ್ಯಾಹ್ನ ಓಡಿಬಂದು ನನ್ನ ತಟ್ಟೆಗೆ ಮುದ್ದೆ ಹಾಕಿ ಹೋಗುತ್ತಿದ್ದಳು. ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಇವತ್ತಿಗೂ ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಅವಳೇ. ನೀರು ಬೆರೆಸಿ ತಂದವರು ಅವಳ ಮುಖ ನೋಡುತ್ತಿದ್ದಂತೆ ಕ್ಯಾನು ಎತ್ತಿಕೊಂಡು ವಾಪಸು ಹೋಗುತ್ತಾರೆ. ಆ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಕಸುಬಿನವರು.

ಹದಿನೈದು ದಿನಕ್ಕೊಮ್ಮೆ ಭಾನುವಾರ ಅವಳು ಹೆಮ್ಮಿಗೆಯಿಂದ ನರಸೀಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹನ್ನೊಂದು ಗಂಟೆಗೆ ನಮ್ಮ ಮನೆಗೆ ಬರುತ್ತಿದ್ದಳು. ಚೀಲದಲ್ಲಿ ಕಾಲಕ್ಕೆ ತಕ್ಕಂತೆ ಅವರೆಕಾಯಿ, ಸೊಪ್ಪು, ಒಂದು ಡಬ್ಬಿ ಬೆಣ್ಣೆ. ಉಂಡು, ನನ್ನ ಮಗಳ ತಲೆ ಬಾಚಿ, ಎರಡು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಮನೆ ಮುಟ್ಟಿದ ಮೇಲೆ ತಪ್ಪದೆ ಒಂದು ಫೋನು. "ಬಂದೆ ಕಣ್ಲಾ. ಉಂಡ್ಯಾ?" ಎನ್ನುತ್ತಿದ್ದಳು. ನಾನು ನಲವತ್ತರ ಹತ್ತಿರ ಬಂದಿದ್ದರೂ, ತಲೆ ಅರ್ಧ ಬೆಳ್ಳಗಾಗಿದ್ದರೂ ಆ ಮಾತು ಬದಲಾಗಿರಲಿಲ್ಲ. ಆ ಮಾತು ಕೇಳದೆ ನಮ್ಮ ಭಾನುವಾರ ಮುಗಿಯುತ್ತಿರಲಿಲ್ಲ.

ಮಗಳು ಹುಟ್ಟಿದ್ದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಸುದ್ದಿ ತಿಳಿದ ಅಕ್ಕ ಒಂದು ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು ಒಬ್ಬಳೇ ಬಂದಿದ್ದಳು. ಅದುವರೆಗೆ ಅವಳು ಲಿಫ್ಟು ಹತ್ತಿರಲಿಲ್ಲ. ಬಾಗಿಲು ತೆರೆಯಿತು, ಒಳಗೆ ಹೋದಳು, ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅಕ್ಕ ಸುತ್ತ ನೋಡಿ, ಯಾರೂ ಕಾಣದೆ, ಮೇಲೆ ನೋಡಿ ಕೈಮುಗಿದು, "ತಾಯಿ, ಒಸಿ ಮೂರ್ನೇ ಅಂತಸ್ತಿಗೆ ಬುಟ್ಬುಡವ್ವ. ನಮ್ಮುಡ್ಗನ್ ಎಂಡ್ತಿ ಎತ್ತವ್ಳೆ" ಎಂದಳಂತೆ. ಮೇಲೆ ಯಾರೋ ಗುಂಡಿ ಒತ್ತಿರಬೇಕು, ಲಿಫ್ಟು ನೇರ ಮೂರನೇ ಮಹಡಿಗೆ ಹೋಗಿ ನಿಂತಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಇದನ್ನು ನನಗೆ ಹೇಳುತ್ತಾ ಅವಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. "ಯಾರ್ಗೂ ಏಳ್ಬೇಡ ಕಣ್ಲಾ" ಎಂದಿದ್ದಳು. ಎಂಟು ವರ್ಷ ಹೆಂಡತಿಗೂ ಹೇಳದೆ ಉಳಿಸಿಕೊಂಡಿದ್ದೆ.

ಆ ಭಾನುವಾರ ಬಸ್ಸು ನರಸೀಪುರದ ಹತ್ತಿರ ಕೆಟ್ಟು ನಿಂತಿತ್ತಂತೆ. ಮಧ್ಯಾಹ್ನವಾದರೂ ಅಕ್ಕ ಬರಲಿಲ್ಲ, ಫೋನೂ ಸಿಗಲಿಲ್ಲ, ಈ ವಾರ ಬರಲಿಕ್ಕಿಲ್ಲ ಎಂದುಕೊಂಡು ಆಟಕ್ಕೆ ಕುಳಿತೆವು. ಸೆಕೆಗೆ ಮೆಟ್ಟಿಲಿನ ಕಡೆಯ ಬಾಗಿಲು ತೆರೆದೇ ಇತ್ತು. ಕಥೆಯಲ್ಲಿ ನಮಗೆ ಮಾತಾಡುವ ಒಂದು ಕಲ್ಲಿನ ಬಾಗಿಲು ಎದುರಾಯಿತು. ಅದು ಹೆಣ್ಣುದನಿಯಲ್ಲಿ, ಅರ್ಥವಾಗದ ಭಾಷೆಯಲ್ಲಿ ಏನೋ ಕೇಳುತ್ತದೆ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಮೇಲೆ ನೋಡಿ ಕೈಮುಗಿದು, "ತಾಯಿ, ಒಸಿ ಒಳೀಕೆ ಬುಟ್ಬುಡವ್ವ. ನಮ್ಮುಡ್ಗನ್ ಎಂಡ್ತಿ ಎತ್ತವ್ಳೆ" ಎಂದೆ.

ತಲಕಾಡಿನವರು ಕುರ್ಚಿಯಿಂದ ಜಾರಿಯೇಬಿಟ್ಟರು. ಕಥೆ ನಡೆಸುವವರು ಮೇಜು ಗುದ್ದಿದರು. ಹೆಂಡತಿ ನಗುತ್ತಾ ಬಾಗಿಲ ಕಡೆ ನೋಡಿ ಒಮ್ಮೆಲೇ ನಿಲ್ಲಿಸಿದಳು. ಅಕ್ಕ ಹೊಸ್ತಿಲ ಆಚೆ ನಿಂತಿದ್ದಳು. ಒಂದು ಕೈಯಲ್ಲಿ ಅವರೆಕಾಯಿ ಚೀಲ, ಇನ್ನೊಂದರಲ್ಲಿ ಚಪ್ಪಲಿ.

ಅವಳು ಒಳಗೆ ಬಂದು ಚೀಲ ಇಟ್ಟಳು. ಎಲ್ಲರಿಗೂ ಕೈಮುಗಿದಳು. "ನಮಸ್ಕಾರ. ಬಸ್ಸು ಕೆಟ್ಟಿತ್ತು. ಹಾಗಾಗಿ ಹೊತ್ತಾಯಿತು" ಎಂದಳು. ಹಾಗಾಗಿ, ಹೊತ್ತಾಯಿತು. ಒಂದೊಂದು ಅಕ್ಷರವನ್ನೂ ಪೂರ್ತಿ ಉಸಿರು ಕೊಟ್ಟು, ಎಚ್ಚರದಿಂದ, ತುಂಬಿದ ಲೋಟ ಇಡುವವಳ ಹಾಗೆ. ಅವಳಿಗೆ ಹಾಗೆ ಮಾತಾಡಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅವಳು ಕೂರಲಿಲ್ಲ, ನೀರು ಮಾತ್ರ ಕುಡಿದಳು. "ಹೋಗಿ ಬರುತ್ತೇನೆ" ಎಂದು ನನ್ನ ಮುಖ ನೋಡದೆ ಹೇಳಿ ಮೆಟ್ಟಿಲಿಳಿದಳು. ನಾನು ಹಿಂದೆ ಓಡಲಿಲ್ಲ. ನಾಲ್ಕು ಜನರ ಮುಂದೆ ಓಡಿದರೆ ಏನೆಂದುಕೊಳ್ಳುತ್ತಾರೋ ಎಂದು ನಿಂತೆ, ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಂಜೆ ಫೋನು ಬಂತು. "ತಲುಪಿದೆ" ಎಂದಳು, ಇಟ್ಟಳು.

ಆಮೇಲೆ ಅವಳು ಬರುವುದನ್ನೇ ನಿಲ್ಲಿಸಿದಳು. ಅವರೆಕಾಯಿ ಮಾತ್ರ ಊರಿನಿಂದ ಬರುವವರ ಕೈಯಲ್ಲಿ ಬರುತ್ತಿತ್ತು. ನಾನು ಫೋನು ಮಾಡಿದರೆ ಎತ್ತುತ್ತಿದ್ದಳು. "ಹೌದು. ಚೆನ್ನಾಗಿದ್ದೇವೆ. ಮಗು ಹೇಗಿದ್ದಾಳೆ?" ಎನ್ನುತ್ತಿದ್ದಳು. ಕೆಲವು ಸಲ "ಅಂಗಾ" ಎಂದು ಶುರುಮಾಡಿ, ತಡೆದು, "ಹಾಗಾದರೆ" ಎಂದು ತಿದ್ದಿಕೊಳ್ಳುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆದರೂ ನನಗೆ ಮೊದಲು ಬಂದದ್ದು ಸಿಟ್ಟೇ. "ನಾನೇನು ಅವಳನ್ನ ಅಂದೆನಾ? ಅದು ಪಾತ್ರ. ಬುದ್ಧಿ ಐದು ಬಿದ್ದಿದೆ, ಹಾಗೆ ಆಡಿದೆ" ಎಂದು ಹೆಂಡತಿಯ ಮೇಲೆ ರೇಗಿದೆ. ಅದು ಲಿಫ್ಟಿನಲ್ಲಿ ಅಕ್ಕ ಆಡಿದ ಮಾತು ಎಂದು ಅಷ್ಟು ಹೊತ್ತಿಗೆ ಹೆಂಡತಿಯ ಮುಂದೆ ನಾನೇ ಒಪ್ಪಿಕೊಂಡಾಗಿತ್ತು.

"ಲಿಫ್ಟಿನ ಮಾತು ನಿಮ್ಮ ಆಟದ ಪುಸ್ತಕದಲ್ಲಿತ್ತೇನ್ರೀ?" ಎಂದು ಕೇಳಿದಳು.

ಭಾನುವಾರದ ಆಟ ನಿಲ್ಲಲಿಲ್ಲ. ಆದರೆ ನನ್ನ ಮೂಟೆಯವನ ಬಾಯಿ ನಿಂತುಹೋಯಿತು. ಆ ದನಿ ತೆಗೆಯಲು ನನಗೆ ಆಗಲಿಲ್ಲ, ಬೇರೆ ದನಿ ಗೊತ್ತಿರಲಿಲ್ಲ. "ನಿಮ್ಮವನಿಗೆ ಏನಾಯ್ತು ಸಾರ್, ಗಂಟಲು ಕಟ್ಟಿದೆಯಾ?" ಎಂದು ಕಥೆ ನಡೆಸುವವರು ಕೇಳಿದರು. ಹೌದು ಎಂದೆ. ಅವನು ಮೂಟೆ ಹೊತ್ತು ಹಿಂದೆ ಬರುತ್ತಿದ್ದ. ಹೆಂಡತಿಯ ವೈದ್ಯೆಯೂ ತಲಕಾಡಿನವರ ಕಳ್ಳನೂ ಯಾವ ದಾರಿ ಹಿಡಿಯಬೇಕೆಂದು ಜಗಳವಾಡುವಾಗ ಮೂಟೆ ಇಳಿಸಿ ಕಾಯುತ್ತಿದ್ದ. ಮೂರು ಭಾನುವಾರ ಯಾರೂ ಅವನನ್ನು ಏನೂ ಕೇಳಲಿಲ್ಲ. ನಗಿಸುವುದನ್ನು ಬಿಟ್ಟ ಮೇಲೆ ಅವನು ಇದ್ದಾನೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಒಂದು ಸಲ ಗುಹೆಯೊಳಗೆ ಅವನನ್ನು ಬಿಟ್ಟು ಅವರಿಬ್ಬರೇ ಮುಂದೆ ಹೋಗಿಬಿಟ್ಟರು. ನಾನು ದಾಳ ಹಿಡಿದುಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಕುಳಿತಿದ್ದೆ. ಆ ಮುಕ್ಕಾಲು ಗಂಟೆಯಲ್ಲಿ ಮೊದಲ ಬಾರಿಗೆ ಅವನ ಬಗ್ಗೆ ಯೋಚಿಸಿದೆ. ಅಯ್ಯೋ ಅನ್ನಿಸಿತು. ಐದು ಅಂಕ ಅವನು ಕೇಳಿ ಪಡೆದದ್ದಲ್ಲ. ಬೇಗ ಅರ್ಥವಾಗುವುದಿಲ್ಲ, ಅಷ್ಟೇ ತಾನೆ ಅದರ ಅರ್ಥ? ಅದಕ್ಕೆ ಅವನನ್ನು ಕುಣಿಸಬೇಕೆಂದು ಎಲ್ಲಿ ಬರೆದಿದೆ? ಮಂಕ ಎಂದ ಕೂಡಲೇ ನನಗೆ ಹೆಮ್ಮಿಗೆಯ ಮಾತು ಬಾಯಿಗೆ ಬಂತಲ್ಲ, ಹಾಗೆ ಬರುವಂತೆ ನನ್ನೊಳಗೆ ಕೂರಿಸಿದವರು ಯಾರು? ಹಿಂದಿನ ಬೆಂಚಿನವನು ಎಮ್ಮೆಯ ಹಾಗೆ ಕೂಗಿದ್ದು ಒಂದೇ ಸಲ. ಆರು ತಿಂಗಳು ಪ್ರತಿ ಭಾನುವಾರ ಕೂಗಿದವನು ನಾನು.

ಮುಂದಿನ ಭಾನುವಾರ ಆಟಕ್ಕೆ ರಜೆ ಹೇಳಿ ಊರಿಗೆ ಹೋದೆ. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಕುಳಿತಿದ್ದಳು. ಬಸ್ಸಿನುದ್ದಕ್ಕೂ ನಾನೊಂದು ಉಪಾಯ ಮಾಡಿಕೊಂಡು ಬಂದಿದ್ದೆ. ಅವಳ ಮಾತಿನಲ್ಲೇ ಮಾತಾಡಿಸಬೇಕು, ನಾನಿನ್ನೂ ನಿನ್ನವನೇ ಎಂದು ತೋರಿಸಬೇಕು. ಪಕ್ಕದಲ್ಲಿ ಕುಳಿತು, "ಎಂಗಿದ್ದೀಯೆ ಅಕ್ಕ? ಒಲದ್ ತಾವ ಓಗಿದ್ಯಾ?" ಎಂದೆ.

ಅಕ್ಕನ ಕೈ ಮೊರದ ಮೇಲೆ ನಿಂತಿತು. ನನಗೂ ಕೇಳಿಸಿತ್ತು. ಅದು ನನ್ನ ಚಿಕ್ಕಂದಿನ ದನಿಯಲ್ಲ, ಮೂಟೆಯವನ ದನಿ. ಅದೇ ಎಳೆತ, ಅದೇ ಕೊಂಕು. ನಮ್ಮೂರಿನ ಮಾತನ್ನು ನಾನು ನಗಿಸುವುದಕ್ಕೆ ಬಳಸಿ ಬಳಸಿ, ಬೇರೆ ಯಾವುದಕ್ಕೂ ಬಾರದಂತೆ ಮಾಡಿಕೊಂಡಿದ್ದೆ.

"ಬೇಡ" ಎಂದಳು ಅಕ್ಕ. "ನನ್ನ ಹತ್ತಿರ ಆ ದನಿ ಬೇಡ."

ನಾನು ತಲೆ ತಗ್ಗಿಸಿ ಕುಳಿತೆ. ಕ್ಷಮೆ ಕೇಳಬೇಕಿತ್ತು, ಯಾವ ದನಿಯಲ್ಲಿ ಕೇಳುವುದೆಂದು ತೋಚಲಿಲ್ಲ. ಅವಳು ಹುರುಳಿಯಲ್ಲಿ ಕಲ್ಲು ಆರಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅದು ಏನು ಆಟ?" ಎಂದು ಕೇಳಿದಳು. ಹೇಳಿದೆ. ದಾಳ, ಆರು ಗುಣ, ಕಾರಣ ಬರೆದುಕೊಡಿ ಎಂದ ನನ್ನ ನಿಯಮ, ಬುದ್ಧಿ ಐದು, ಎಲ್ಲವನ್ನೂ ಹೇಳಿದೆ. "ಬರುವ ಭಾನುವಾರ ಅಲ್ಲ, ಅದರಾಚೆಯ ಭಾನುವಾರ ಬರುತ್ತೇನೆ. ನನಗೂ ಒಂದು ಪಾತ್ರ ಕೊಡಲಿ" ಎಂದಳು. ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು.

ಹೇಳಿದಂತೆ ಬಂದಳು, ಹನ್ನೊಂದು ಗಂಟೆಗೇ ಬಂದಳು. ಉಂಡಳು, ಮಗಳ ತಲೆ ಬಾಚಿದಳು. ಎರಡೂವರೆಗೆ ಮೇಜಿನ ಮುಂದೆ ಕುಳಿತಳು. ಎಲ್ಲರೂ ಒಂದು ನಮೂನೆ ಮುದುಡಿಕೊಂಡಿದ್ದರು. ದಾಳಗಳನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಚೌಕಾಬಾರದ ಕವಡೆ ಕುಲುಕುವ ಹಾಗೆ ಎರಡೂ ಕೈಯಲ್ಲಿ ಕುಲುಕಿ ಬಿಟ್ಟಳು. ಬಲ ಒಂಬತ್ತು, ಚುರುಕು ಹತ್ತು, ತಾಳಿಕೆ ಹದಿನಾಲ್ಕು. ಬುದ್ಧಿಗೆ ಎರಡು ದಾಳದಲ್ಲಿ ಒಂದೊಂದು, ಮೂರನೆಯದರಲ್ಲಿ ಎರಡು ಬಿದ್ದು ನಾಲ್ಕಾಯಿತು.

"ಅಕ್ಕ, ಪರವಾಗಿಲ್ಲ, ಇನ್ನೊಂದು ಸಲ ಹಾಕಿ" ಎಂದರು ಕಥೆ ನಡೆಸುವವರು. ತಲಕಾಡಿನವರೂ "ಹಾಕ್ರಕ್ಕ, ಮೊದಲ್ನೇ ಸಲ ಅಲ್ವಾ" ಎಂದರು.

"ಯಾಕೆ? ಬಿದ್ದ ಗರ ಬಿದ್ದ ಹಾಗೆ ಆಡಬೇಕು" ಎಂದಳು ಅಕ್ಕ. ಚೌಕಾಬಾರದಲ್ಲಿ ನನ್ನನ್ನು ಅಳಿಸಿ ಕಲಿಸಿದ ನಿಯಮ ಅದು. ಲ್ಯಾಬಿನಲ್ಲಿ ಕಲಿತೆ ಎಂದು ನಾನು ಮೆರೆಯುತ್ತಿದ್ದೆ.

"ಸರಿ, ಯಾರಿವನು ಅಕ್ಕ? ಏನು ಕೆಲಸ ಮಾಡ್ತಾನೆ?"

"ಎಲ್ಲಾ ಗೊತ್ತಿರುವವನು."

"ಬುದ್ಧಿ ನಾಲ್ಕಲ್ವಾ? ಎಲ್ಲಾ ಗೊತ್ತಿರೋದು ಹೇಗೆ?"

"ಗೊತ್ತಿದೆ ಎಂದುಕೊಂಡಿರುವವನು" ಎಂದಳು.

ಕಥೆ ಶುರುವಾಯಿತು. ಮರಳಿನ ಊರಿನ ಕಿರಿದಾದ ಓಣಿ, ಮುಂದೆ ಕತ್ತಲೆ. ಏನು ಮಾಡ್ತೀರಿ? ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. ನನ್ನ ಮುಂದಿದ್ದ ಪೆನ್ನನ್ನು ಎತ್ತಿಕೊಂಡು ಮೇಜಿನ ಮೇಲೆ ಮೂರು ಸಲ ಕುಟ್ಟಿದಳು. ಹೆಬ್ಬೆರಳಿನಿಂದ ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿದಳು. "ನೋಡಿ, ಅದು ಹಾಗಲ್ಲ. ಹಾಗೆ ಹೋದರೆ ಹಾಳಾಗುತ್ತೇವೆ. ಹದಿನಾರು ವರ್ಷ ಹೀಗೇ ಹೋಗಿದ್ದೇನೆ. ಎಲ್ಲರೂ ನನ್ನ ಹಿಂದೆ ಹೆಜ್ಜೆ ಹಾಕಿ" ಎಂದಳು.

ಮೊದಲು ನಕ್ಕವಳು ನನ್ನ ಹೆಂಡತಿ. ಕಿಸಕ್ಕೆಂದು ಶುರುವಾದದ್ದು ನಿಲ್ಲಿಸಲಾಗದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಉಳಿದಿಬ್ಬರು ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಅವರಿಂದಲೂ ತಡೆಯಲಾಗಲಿಲ್ಲ. ನನ್ನ ಮುಖ ಕಾದುಹೋಯಿತು. ಮಂಕನಿಗೆ ನಾನು ಅವಳ ದನಿ ಕೊಟ್ಟಿದ್ದೆ, ಅವಳು ನನ್ನ ದನಿ ಕೊಟ್ಟಳು. ಕಪಿಲೆಯ ದಂಡೆಯಲ್ಲಿ ಕುಳಿತು ಕಲಿತ ಒಂದೊಂದು ಹಕಾರವನ್ನೂ ಅವಳು ಎತ್ತಿ ಎತ್ತಿ ಮೇಜಿನ ಮೇಲಿಡುತ್ತಿದ್ದಳು. ಹೊಸ್ತಿಲಿನಾಚೆ ನಿಂತಿದ್ದಾಗ ಅವಳಿಗೆ ಹೇಗಾಗಿತ್ತೆಂದು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

"ಮುಂದೆ ಒಂದು ಹಳ್ಳ ಇದೆ ಅಕ್ಕ" ಎಂದರು ಕಥೆ ನಡೆಸುವವರು, ನಗು ನುಂಗುತ್ತಾ.

"ಹಳ್ಳವೇ? ಹಳ್ಳದ ವಿಷಯ ನನಗೆ ಹೇಳಬೇಡಿ. ಹಳ್ಳ ಇಲ್ಲವೆಂದು ನಾನು ಹೇಳುತ್ತಿದ್ದೇನೆ. ಇದೆ ಎನ್ನುವವರು ಕಾರಣ ಬರೆದುಕೊಡಿ" ಎಂದು ಅಕ್ಕ ನೇರ ನಡೆದಳು. ಎಲ್ಲ ಗೊತ್ತಿದ್ದವನು ಹಳ್ಳಕ್ಕೆ ಬಿದ್ದ.

ವೈದ್ಯೆಗೆ ಬಲ ಏಳು, ಕಳ್ಳನಿಗೆ ಎಂಟು. ಮೇಲೆತ್ತಬೇಕಾದವನು ನನ್ನ ಮೂಟೆಯವನೇ. ಎಲ್ಲರೂ ನನ್ನ ಕಡೆ ತಿರುಗಿದರು. ಅವನು ಏನಾದರೂ ಮಾತಾಡಬೇಕಿತ್ತು. ಯಾವ ದನಿಯೂ ಬರಲಿಲ್ಲ. "ಮೂಟೆ ಇಳಿಸಿ ಕೈ ಚಾಚುತ್ತಾನೆ" ಎಂದಷ್ಟೇ ಹೇಳಿ, ಕೆಲಸ ಆಗುತ್ತದೋ ಇಲ್ಲವೋ ತೀರ್ಮಾನಿಸುವ ಇಪ್ಪತ್ತು ಮುಖದ ದಾಳ ಹಾಕಿದೆ. ಅವನ ಬಲ ಹದಿನಾರು. ಹದಿನಾರರೊಳಗೆ ಬಿದ್ದರೆ ಎಳೆದುಕೊಂಡಂತೆ. ಹತ್ತೊಂಬತ್ತು ಬಿತ್ತು. ಅವನೂ ಹಳ್ಳಕ್ಕೆ ಬಿದ್ದ.

"ಈಗ ನೀವಿಬ್ಬರೂ ಹಳ್ಳದಲ್ಲಿದ್ದೀರಿ. ಪಕ್ಕಪಕ್ಕದಲ್ಲಿ. ಏನು ಮಾಡ್ತೀರಿ?"

ಅಕ್ಕ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಒಂದೂವರೆ ತಿಂಗಳಾದ ಮೇಲೆ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನೋಡಿದ್ದಳು. ನನ್ನ ಕಣ್ಣು ತುಂಬಿ ಬಂತು. "ತಪ್ಪಾಯ್ತು ಅಕ್ಕ" ಎಂದೆ. "ಯಾರಿಗೂ ಹೇಳಬೇಡ ಅಂದಿದ್ದೆ. ನಾನು ಎಲ್ಲರ ಮುಂದೆ ಆಡಿಬಿಟ್ಟೆ. ತಪ್ಪಾಯ್ತು." ಅದು ಮೂಟೆಯವನ ದನಿಯಲ್ಲ, ವಾರ್ತೆಯವನ ದನಿಯೂ ಅಲ್ಲ. ಹೇಗೋ ಬಂತು.

ಅಕ್ಕ ಪೆನ್ನು ಮೂರು ಸಲ ಕುಟ್ಟಿ, "ಹಾಗಾದರೆ ಕಾರಣ ಬರೆದುಕೊಡಿ" ಎಂದಳು. ಎಲ್ಲರೂ ಹೋ ಎಂದು ನಕ್ಕರು, ನಾನೂ ಮೂಗೊರೆಸಿಕೊಂಡು ನಕ್ಕೆ. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಅವತ್ತಿನ ಆಟ ಮುಗಿಯುವವರೆಗೂ ಅವಳು ಅದೇ ದನಿಯಲ್ಲಿ ಆಡಿದಳು. ತಲಕಾಡಿನವರು ಏಣಿ ಕಟ್ಟಿ ನಮ್ಮಿಬ್ಬರನ್ನೂ ಮೇಲೆ ತಂದರು.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಖಾಲಿ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, "ಬರುತ್ತೇನೆ" ಎಂದಳು. ಇನ್ನೂ ಅದೇ ಎಚ್ಚರದ ಮಾತು. ಬಸ್ಸು ತಿರುಗಿ ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದೆ. ಹೆಂಡತಿ ತಿಂಡಿಗೆ ಕರೆದಳು, ಬೇಡವೆಂದೆ. ಮೇಜಿನ ಮೇಲೆ ಹಾಳೆಗಳು ಹಾಗೇ ಇದ್ದವು. ಅಕ್ಕನ ಹಾಳೆಯಲ್ಲಿ ಅವಳ ದುಂಡು ಅಕ್ಷರದಲ್ಲಿ ಬುದ್ಧಿ ನಾಲ್ಕು ಎಂದಿತ್ತು. ನನ್ನ ಹಾಳೆಯ ಪಕ್ಕಕ್ಕೆ ಅದನ್ನು ಸರಿಸಿಟ್ಟು ಫೋನು ಎದುರಿಗಿಟ್ಟುಕೊಂಡು ಕುಳಿತೆ. ಬಸ್ಸು ನರಸೀಪುರ ಮುಟ್ಟಿರಬೇಕು, ಹೆಮ್ಮಿಗೆಯ ಬಸ್ಸು ಸಿಕ್ಕಿರಬೇಕು, ಊರಿನ ಬಾಗಿಲಲ್ಲಿ ಇಳಿದಿರಬೇಕು ಎಂದು ಗಡಿಯಾರ ನೋಡುತ್ತಿದ್ದೆ.

ಏಳು ಗಂಟೆಯ ಸುಮಾರಿಗೆ ಫೋನು ಬಂತು. ಎತ್ತಿ ಕಿವಿಗಿಟ್ಟುಕೊಂಡೆ.

"ಬಂದೆ ಕಣ್ಲಾ" ಎಂದಳು ಅಕ್ಕ. "ಉಂಡ್ಯಾ?"

ಇನ್ನೂ ಇಲ್ಲ ಎಂದೆ.

"ಅಂಗಾರೆ ಮೊದ್ಲು ಉಣ್ಣೋಗು" ಎಂದು ಫೋನಿಟ್ಟಳು.